ಗಿಳಿಯೂ ಓದುತ್ತಿದ್ದ ಕಾಲ

‘ಗಿಳಿಯೋದಿ ಫಲವೇನು? ಬೆಕ್ಕು ಬಹುದ ಹೇಳಲರಿಯದು’ ಎಂದು ಶುರುವಾಗುವ ಬಸವಣ್ಣನವರ ವಚನ ಬಹಳ ಮಂದಿಗೆ ಗೊತ್ತು. ಅರ್ಥ ತಿಳಿಯದೆ ಓದುವವರಿಗೆ ಹಾಕಿದ ಚಾಟಿ ಎಂದು ಶಾಲೆಯಲ್ಲೇ ಹೇಳಿಕೊಟ್ಟಿರುತ್ತಾರೆ. ಆದರೆ ಗಿಳಿ ಓದುವುದೆಂದರೇನು? ಅದಕ್ಕೆ ಅಕ್ಷರ ತಿಳಿಯದು. ಮೈತುಂಬ ಗರಿ ಇದೆ, ಅದು ಓಲೆಗರಿಯಲ್ಲ. ಅದು ಮಾಡುವುದು ಕೇಳಿದ್ದನ್ನು ಉಲಿಯುವ ಕೆಲಸ ಮಾತ್ರ. ಆ ಕಾಲದ ಕನ್ನಡಕ್ಕೆ ಅದೂ ಓದೇ.

ಇವತ್ತು ಓದು ಎಂದರೆ ಕಣ್ಣಿನ ಕೆಲಸ. ಒಬ್ಬರೇ ಕೂತು, ತುಟಿ ಅಲ್ಲಾಡಿಸದೆ, ಪುಟದ ಮೇಲೆ ಕಣ್ಣು ಹಾಯಿಸುವುದು. ಹಳೆಯ ಕನ್ನಡದಲ್ಲಿ ಓದು ಬಾಯಿಯ ಕೆಲಸ, ಜೊತೆಗೆ ಇನ್ನೊಬ್ಬರ ಕಿವಿಯ ಕೆಲಸ. ತಮಿಳುನಾಡಿನ ಶಿವಾಲಯಗಳಲ್ಲಿ ತೇವಾರಂ ಎಂಬ ಶಿವಸ್ತುತಿಗಳನ್ನು ಹಾಡುವವರನ್ನು ಇಂದಿಗೂ ‘ಓದುವಾರ್’ ಎನ್ನುತ್ತಾರೆ, ಅದೇ ಧಾತು. ‘ವಾಚನ’ದ ಮೂಲ ಸಂಸ್ಕೃತದ ವಚ್, ಅಂದರೆ ಮಾತಾಡು. ‘ಏನು ಓದಿದ್ದೀಯಪ್ಪ?’ ಎಂದು ಹಿರಿಯರು ಕೇಳಿದರೆ ಯಾರೂ ಪುಸ್ತಕದ ಹೆಸರು ಹೇಳುವುದಿಲ್ಲ, ಬಿ.ಕಾಂ. ಎನ್ನುತ್ತಾರೆ. ಒಂದೇ ಪದದೊಳಗೆ ಪಠಿಸುವುದು, ಕಲಿಯುವುದು, ಪುಟ ನೋಡುವುದು ಮೂರೂ ಕೂತಿವೆ. ಮೂರನೆಯದು ತೀರಾ ಈಚೆಗೆ ಮೇಲೆ ಬಂದದ್ದು. ಓದಿನ ಚರಿತ್ರೆ ಹೇಳುವವರು ಹೆಚ್ಚಾಗಿ ಎಡವುವುದು ಇಲ್ಲೇ. ಇವತ್ತಿನ ಓದನ್ನು ಹಿಂದಕ್ಕೆ ಒಯ್ದು, ‘ಆಗ ಓದುವವರು ನೂರಕ್ಕೆ ಐದು ಮಂದಿ’ ಎಂದು ಲೆಕ್ಕ ಮುಗಿಸಿಬಿಡುತ್ತಾರೆ. 1901ರ ಜನಗಣತಿಯಲ್ಲಿ ಭಾರತದ ಸಾಕ್ಷರತೆ ಶೇ. 5.35 ಇದ್ದದ್ದು ನಿಜ. ಅದು ಅಕ್ಷರ ಬಲ್ಲವರ ಲೆಕ್ಕ. ಓದು ಕೇಳಿದವರನ್ನು ಯಾವ ಗಣತಿಯೂ ಎಣಿಸಿಲ್ಲ.

ಪುಸ್ತಕ ನೋಡಿ ಓದುವವನು ಅಧಮ

ಪುಸ್ತಕ ಹಿಡಿದು ಓದುವುದೇ ಕೀಳು ಎಂಬ ನಿಲುವು ನಮ್ಮಲ್ಲಿ ಗಟ್ಟಿಯಾಗಿಯೇ ಇತ್ತು. ವೇದದ ಉಚ್ಚಾರಣೆಯನ್ನು ಕಲಿಸುವ ಪಾಣಿನೀಯ ಶಿಕ್ಷೆ ಆರು ಬಗೆಯ ‘ಪಾಠಕಾಧಮ’ರನ್ನು ಹೆಸರಿಸುತ್ತದೆ: ರಾಗ ಎಳೆಯುವವನು, ಅವಸರ ಮಾಡುವವನು, ತಲೆಯಾಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ತಿಳಿಯದವನು, ದನಿ ಸಾಲದವನು. ನಾಲ್ಕನೆಯವನೇ ಲಿಖಿತಪಾಠಕ. ಐದನೆಯವನು ನಮ್ಮ ಗಿಳಿಯ ಸಂಬಂಧಿ. ಬಾಯಿಪಾಠವೇ ವಿದ್ಯೆ, ಬರಹ ಅದಕ್ಕೊಂದು ಊರುಗೋಲು.

ವೇದದ ಆಚೆ ಇಷ್ಟು ಬಿಗಿಯಿರಲಿಲ್ಲ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡನಾಡಿನವರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್’ ಎನ್ನುತ್ತದೆ: ಪಟ್ಟಾಗಿ ಕೂತು ಓದಿಕೊಳ್ಳದೆಯೂ ಕಾವ್ಯದ ಪ್ರಯೋಗದಲ್ಲಿ ಪಳಗಿದವರು. ಇದನ್ನು ಬರೀ ಹೊಗಳಿಕೆ ಎಂದುಕೊಳ್ಳಬೇಕಿಲ್ಲ. ಕೇಳಿ ಕೇಳಿ ಕಾವ್ಯ ಮೈಗೂಡುವ ಒಂದು ವ್ಯವಸ್ಥೆ ಇದ್ದರೆ ಮಾತ್ರ ಈ ಮಾತಿಗೆ ಅರ್ಥ.

ಓಲೆಗರಿ ಬಾಯಿ ತೆರೆಸುತ್ತಿತ್ತು

ಗಟ್ಟಿಯಾಗಿ ಓದುವುದು ಬರೀ ಸಂಪ್ರದಾಯದ ಮಾತಲ್ಲ. ಓದುವ ವಸ್ತುವೇ ಹಾಗೆ ಮಾಡಿಸುತ್ತಿತ್ತು. ಓಲೆಗರಿ ತಯಾರಾಗುವುದು ತಾಳೆ ಇಲ್ಲವೇ ಶ್ರೀತಾಳೆ ಮರದ ಎಲೆಯಿಂದ. ನಡುಕಡ್ಡಿ ತೆಗೆದು, ನೀರಲ್ಲಿ ಬೇಯಿಸಿ, ನೆರಳಲ್ಲಿ ಒಣಗಿಸಿ, ನುಣ್ಣಗೆ ಉಜ್ಜಿ, ಅಳತೆಗೆ ಕತ್ತರಿಸಿ, ದಾರಕ್ಕೆ ತೂತು ಹಾಕುತ್ತಾರೆ. ಗರಿಯ ಅಗಲ ಸಾಮಾನ್ಯವಾಗಿ ನಾಲ್ಕೈದು ಸೆಂಟಿಮೀಟರು. ಅದರಲ್ಲೇ ಆರೆಂಟು ಸಾಲು ಹಿಡಿಸಬೇಕು. ಕಂಠ ಎಂಬ ಮೊನೆ ಚೂಪಾದ ಲೋಹದ ಕಡ್ಡಿಯಿಂದ ಗೀರಿದಾಗ ಅಕ್ಷರ ಸರಿಯಾಗಿ ಕಾಣುವುದೂ ಇಲ್ಲ. ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರೆಸಿದರೆ ಕಪ್ಪು ಗೀರಿನೊಳಗೆ ಉಳಿದು ಅಕ್ಷರ ಎದ್ದು ಬರುತ್ತದೆ. ವರ್ಷಗಳು ಕಳೆದಂತೆ ಆ ಕಪ್ಪು ಮಾಸುತ್ತದೆ, ಮತ್ತೆ ಸವರದೆ ಓದಲಾಗದು.

ಒಮ್ಮೆ ಗೀರಿದ ಮೇಲೆ ಅಳಿಸುವ ಮಾತಿಲ್ಲ. ಆದ್ದರಿಂದಲೇ ಕರಡಿಗೆ ಹಲಗೆ, ಬಳಪ, ಲೆಕ್ಕಪತ್ರಕ್ಕೆ ಕಡತ. ಹುಣಸೆಬೀಜದ ಅಂಟು, ಇದ್ದಿಲಪುಡಿ ಹಚ್ಚಿ ಮಡಿಸಿದ ಬಟ್ಟೆಯೇ ಕಡತ, ಬೇಡದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಬಟ್ಟೆ ಹೋಗಿ ಎಷ್ಟೋ ಕಾಲವಾಯಿತು. ಕಚೇರಿಯ ಫೈಲು ಮಾತ್ರ ಇನ್ನೂ ಕಡತವೇ.

ಇನ್ನು ಬರಹದ ರೀತಿ. ಗರಿಯ ಮೇಲೆ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ, ಪದ್ಯವನ್ನು ಪಾದ ಪಾದವಾಗಿ ಒಡೆಯುತ್ತಿರಲಿಲ್ಲ. ಪದ್ಯ ಮುಗಿದಲ್ಲಿ ಒಂದು ದಂಡವೋ ಅಂಕಿಯೋ, ಅಷ್ಟೇ. ಹಳೆಯ ಲಿಪಿಯಲ್ಲಿ ಎ–ಏ, ಒ–ಓ ಬೇರೆಯಾಗಿ ಬರೆಯುವ ಪದ್ಧತಿಯೂ ಇರಲಿಲ್ಲ. ‘ಕೊಡು’ ಮತ್ತು ‘ಕೋಡು’ ಕಣ್ಣಿಗೆ ಒಂದೇ. ಹಾಗಿದ್ದೂ ಓದಿದ್ದು ಹೇಗೆ? 15ನೇ ಶತಮಾನದ ಕುಮಾರವ್ಯಾಸನ ಒಂದು ಪದ್ಯದ ಅರ್ಧವನ್ನು ಗರಿಯ ಮೇಲಿನಂತೆ ಬರೆದರೆ ಹೀಗಿರುತ್ತದೆ:

ಹಲಗೆಬಳಪವಪಿಡಿಯದೊಂದಗ್ಗಳಿಕೆಪದವಿಟ್ಟಳುಪದೊಂದಗ್ಗಳಿಕೆಪರರೊಡ್ಡವದರೀತಿಯಕೊಳ್ಳದಗ್ಗಳಿಕೆ

ಕಣ್ಣಲ್ಲಿ ನೋಡಿದರೆ ಗೋಜಲು. ಬಾಯಿಬಿಟ್ಟು ಹೇಳಿದರೆ ಬಿಡಿಸಿಕೊಳ್ಳುತ್ತದೆ. ಇದು ಭಾಮಿನಿ ಷಟ್ಪದಿ. 1, 2, 4, 5ನೇ ಪಾದಗಳಿಗೆ 14 ಮಾತ್ರೆ (ಲಘುವಿಗೆ ಒಂದು, ಗುರುವಿಗೆ ಎರಡು), ಮೂರು–ನಾಲ್ಕು, ಮೂರು–ನಾಲ್ಕರ ನಡಿಗೆ. 3 ಮತ್ತು 6ನೆಯವು ಉದ್ದ, ಅದೇ ನಡಿಗೆಯ ಮೂರು ಸುತ್ತು, ಕೊನೆಗೊಂದು ಗುರು, ಒಟ್ಟು 23. ಹಲಗೆ (3), ಬಳಪವ (4), ಪಿಡಿಯ (3), ದೊಂದ (4, ಮುಂದಿನ ಒತ್ತಕ್ಷರದಿಂದಾಗಿ ಕೊನೆಯ ‘ದ’ ಗುರು). 14 ತುಂಬಿತು, ಮೊದಲ ಪಾದ ಮುಗಿಯಿತು. ಎರಡನೆಯದು ‘ಗ್ಗಳಿಕೆ’ ಎಂದು ಶುರು. ಸರಿ ಎಂಬುದಕ್ಕೆ ಸಾಕ್ಷಿ ಆದಿಪ್ರಾಸ: ‘ಹಲಗೆ’ಯ ಎರಡನೇ ಅಕ್ಷರ ಲ, ‘ಗ್ಗಳಿಕೆ’ಯದು ಳ, ನಾಲ್ಕನೇ ಪಾದದ ‘ಬಳಸಿ’ಯದೂ ಳ. ಲ–ಳ ಪ್ರಾಸದಲ್ಲಿ ಒಂದೇ. ಅಂದರೆ ಓಲೆಗರಿಯಲ್ಲಿ ಸಾಲು ಒಡೆಯುತ್ತಿದ್ದದ್ದು ಪ್ರಾಸ, ಪದ ಬಿಡಿಸುತ್ತಿದ್ದದ್ದು ಲಯ. ‘ಕೊ’ ಎಂದೋ ‘ಕೋ’ ಎಂದೋ ಸಂದೇಹ ಬಂದರೆ ಆ ಜಾಗದಲ್ಲಿ ಲಘು ಬೇಕೋ ಗುರು ಬೇಕೋ ಎಂದು ನೋಡಿದರೆ ಸಾಕು. ಛಂದಸ್ಸು ಅಲಂಕಾರವೆಂದು ಪಾಠ ಮಾಡುವವರು ಈ ಉಪಯೋಗವನ್ನು ಹೇಳುವುದೇ ಇಲ್ಲ.

ಇಲ್ಲೊಂದು ತೊಡಕೂ ಉಂಟು. ಪಾದ ಮುಗಿಯುವುದು ‘ಒಂದ’ ಎಂಬಲ್ಲಿ, ಪದ ಮುಗಿಯುವುದು ‘ಅಗ್ಗಳಿಕೆ’ ಎಂಬಲ್ಲಿ. ಲಯ ನೆಚ್ಚಿ ನಿಂತರೆ ಪದ ತುಂಡಾಗುತ್ತದೆ, ಪದ ನೆಚ್ಚಿ ಓಡಿದರೆ ಲಯ ಕೆಡುತ್ತದೆ. ಪಾದದ ಕೊನೆಯಲ್ಲಿ ದನಿಯನ್ನು ಪೂರ್ತಿ ಇಳಿಸದೆ, ಉಸಿರು ಕಡಿಯದೆ ‘ಅಗ್ಗಳಿಕೆ’ಗೆ ಹಾಯಿಸಿ, ಅರ್ಥ ಮುಗಿದಲ್ಲಿ ನಿಲ್ಲಿಸುವುದೇ ಕಾವ್ಯವನ್ನು ರಾಗವಾಗಿ ಓದಿ ಹೇಳುವ ಗಮಕಿಯ ಕಸುಬು. ಬರೀ ಕಂಠ ಚೆನ್ನಾಗಿದ್ದವರು ರಾಗಕ್ಕೆ ಸೋತು ಎಡವುವುದು ಇಂಥಲ್ಲೇ.

ಕವಿಗೂ ತನ್ನ ಕಾವ್ಯ ಕಣ್ಣಿಗೆ ಬೀಳುವುದಲ್ಲ, ಕಿವಿಗೆ ಬೀಳುವುದು ಎಂಬ ಖಾತ್ರಿಯಿತ್ತು. ವೇದಪಾರಾಯಣ, ಗಂಗಾಸ್ನಾನ, ಕನ್ಯಾದಾನ ಮುಂತಾದ ಫಲಗಳನ್ನೆಲ್ಲ ಪಟ್ಟಿಮಾಡಿ ಕುಮಾರವ್ಯಾಸ ಅವನ್ನು ಕೊಡುವುದು ಭಾರತದ ಒಂದಕ್ಷರವನ್ನು ‘ಕೇಳ್ದರಿಗೆ’. ಹತ್ತು ಪರ್ವ, ಎಂಟು ಸಾವಿರಕ್ಕೂ ಹೆಚ್ಚು ಪದ್ಯ. ವ್ಯಾಖ್ಯಾನ ಸೇರಿಸಿ ರಾತ್ರಿಗೆ ನಲವತ್ತು ಪದ್ಯ ಎಂದಿಟ್ಟುಕೊಂಡರೂ ಮುಗಿಯಲು ಇನ್ನೂರು ರಾತ್ರಿ ದಾಟುತ್ತದೆ. ಹೀಗಾಗಿ ಪೂರ್ತಿ ಕೇಳಿದವರು ಕಡಿಮೆ, ವಿರಾಟಪರ್ವವನ್ನೋ ಗದಾಯುದ್ಧವನ್ನೋ ಹತ್ತು ಸಲ ಕೇಳಿದವರು ಹೆಚ್ಚು. ಇಡೀ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೆ ಮಾತ್ರ ಓದಿದಂತೆ ಎಂಬ ಹಟ ಈಚಿನದು. ಶಿವಮೊಗ್ಗದ ಬಳಿಯ ಹೊಸಹಳ್ಳಿ ಗಮಕಕ್ಕೆ ಇಂದಿಗೂ ಹೆಸರಾಗಿದೆ. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಓದದೆಯೂ ಪುಣ್ಯ

ಪುಸ್ತಕವನ್ನು ಓದುವುದಕ್ಕಿಂತ ಅದನ್ನು ಬರೆಸುವುದು, ಕೊಡುವುದು, ಕಾಯುವುದು ದೊಡ್ಡದೆಂಬ ಇನ್ನೊಂದು ನೋಟ ಜೈನರಲ್ಲಿ ಬೆಳೆಯಿತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಕೊನೆಯದು ಗ್ರಂಥದಾನ. 10ನೇ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು ಎಂಬುದು ಪ್ರಸಿದ್ಧ. ಸಾವಿರವೂ ಕೈಬರಹ. ಪ್ರತಿಯೊಂದಕ್ಕೂ ಮೇಲೆ ಹೇಳಿದ ಬೇಯಿಸುವ, ಉಜ್ಜುವ, ಗೀರುವ, ಕಪ್ಪು ಸವರುವ ಕೆಲಸ.

ಈ ನೋಟ ತುದಿ ಮುಟ್ಟಿದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಧವಲಾ, ಜಯಧವಲಾ ಎಂಬ ಸಿದ್ಧಾಂತಗ್ರಂಥಗಳ 12ನೇ ಶತಮಾನದ ಓಲೆಪ್ರತಿಗಳು ಅಲ್ಲಿದ್ದವು. ಭಾಷೆ ಹೆಚ್ಚಾಗಿ ಪ್ರಾಕೃತ, ಲಿಪಿ ಹಳೆಗನ್ನಡದ್ದು. ಯಾತ್ರಿಕರು ಅವುಗಳ ದರ್ಶನ ಮಾಡುತ್ತಿದ್ದರು, ಓದುತ್ತಿರಲಿಲ್ಲ. 19ನೇ ಶತಮಾನದ ಕೊನೆಗೆ ನಕಲು ತೆಗೆಯುವ ಕೆಲಸ ಶುರುವಾಗಿ ದಶಕಗಳೇ ಹಿಡಿದವು. ಧವಲಾದ ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಪೂಜೆಯಿಂದ ಓದು ನಿಂತಿತು ಎಂದು ಬೈಯುವುದು ಸುಲಭ. ಆದರೆ ಆ ಪೂಜೆಯೇ ಇಲ್ಲದಿದ್ದರೆ ಓದಲು ಗರಿಗಳೂ ಉಳಿಯುತ್ತಿರಲಿಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ದೂಳು ಕೊಡವಿ, ಹೊಸ ಬಟ್ಟೆ ಸುತ್ತಿ ಪೂಜಿಸುವ ಆಚಾರ ಗೆದ್ದಲು, ಹುಳುಗಳ ವಿರುದ್ಧ ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯೂ ಹೌದು. ಹಳೆಯ ನಕಲುಗಾರರು ಗ್ರಂಥದ ಕೊನೆಗೆ ಬರೆಯುತ್ತಿದ್ದ ಶ್ಲೋಕವೂ ಇದೇ ಕಾಳಜಿಯದು: ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಎನ್ನುತ್ತದೆ ಪುಸ್ತಕ. ಕಟ್ಟು ಸಡಿಲವಾದರೆ ಗರಿಗಳು ಒಂದಕ್ಕೊಂದು ಉಜ್ಜಿ ಅಂಚು ಮುರಿಯುತ್ತದೆ. ದಾರ ಹರಿದು ಗರಿ ಅದಲುಬದಲಾದರೆ ಮುಂದಿನ ನಕಲುಗಾರ ಆ ಕ್ರಮವನ್ನೇ ನಕಲು ಮಾಡಿಬಿಡುತ್ತಾನೆ.

ಬಳ್ಳಾರಿಯ 6,641 ಮಕ್ಕಳು

ಅಚ್ಚು ಊರೂರಿಗೆ ತಲುಪುವ ಮುನ್ನ ಓದು ಹೇಗಿತ್ತೆಂಬುದಕ್ಕೆ ಒಳ್ಳೆಯ ಕನ್ನಡಿ 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮದ್ರಾಸ್ ಸರ್ಕಾರಕ್ಕೆ ಬರೆದ ವರದಿ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು, ಶಾಲೆಗೆ ಹನ್ನೆರಡರಂತೆ. ಅವರಲ್ಲಿ ಹುಡುಗಿಯರು 60. ಮರಳಿನ ಮೇಲೆ ಬೆರಳಿಂದ ತಿದ್ದುವುದು ಮೊದಲ ಮೆಟ್ಟಿಲು. ಆಮೇಲೆ ರಾಮಾಯಣ, ಭಾರತ, ಭಾಗವತ. ಲಿಂಗಾಯತ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವೇಶ್ವರ ಪುರಾಣ. ಹಗುರ ಓದಿಗೆ ಪಂಚತಂತ್ರ, ಬೇತಾಳನ ಕಥೆಗಳು.

ಮುಂದೆ ಹೋದ ಮಕ್ಕಳು ಹಿಂದಿನವರಿಗೆ ಕಲಿಸುವ ಕ್ರಮವನ್ನೂ, ಕಡಿಮೆ ಖರ್ಚನ್ನೂ ಕ್ಯಾಂಪ್‌ಬೆಲ್ ಮೆಚ್ಚಿದ. ಅವನಿಗೆ ಹೆಚ್ಚಾಗಿ ಸಹಿಸಲಾಗದ್ದು ಇದು: ಪುಸ್ತಕವೆಲ್ಲ ಪದ್ಯ, ಆಡುಮಾತಿನಿಂದ ದೂರದ ಹಳೆಯ ಭಾಷೆ, ಮಕ್ಕಳು ನೂರಾರು ಪದ್ಯ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ. ಸುಮಾರು ಆರೂವರೆ ಶತಮಾನದ ಮೇಲೆ ಮತ್ತೆ ಅದೇ ಗಿಳಿ! ಬಸವಣ್ಣನವರ ಗಿಳಿಗೆ ಬೆಕ್ಕಿನ ಅರಿವು ಬೇಕಿತ್ತು, ಕ್ಯಾಂಪ್‌ಬೆಲ್‌ನ ಗಿಳಿಗೆ ಪದದ ಅರ್ಥ ಬೇಕಿತ್ತು. ಓದು ಎಂದರೆ ಪುಟದ ಅರ್ಥ ಹಿಡಿಯುವುದು ಎಂಬ ಶಾಲೆಯ ವ್ಯಾಖ್ಯೆ ನಮ್ಮಲ್ಲಿ ಬೇರೂರತೊಡಗಿದ್ದು ಹೆಚ್ಚುಕಡಿಮೆ ಈ ಹೊತ್ತಿಗೆ. ಮೊದಲು ಬಾಯಿಗೆ ಬರಲಿ, ಅರ್ಥ ವಯಸ್ಸಿನೊಂದಿಗೆ ಬರುತ್ತದೆ ಎಂಬ ಐಗಳ ಮಠದ, ಅಂದರೆ ಹಳೆಯ ಊರಶಾಲೆಯ, ತರ್ಕ ಪೂರ್ತಿ ದಡ್ಡತನವಲ್ಲ. ಭಾರತವಾಚನದ ಸಭೆಗೆ ಕೇಳುಗರು ತಯಾರಾಗುತ್ತಿದ್ದದ್ದು ಹಾಗೆ ತಾನೆ?

ಸತ್ ಎಂಬ ಕಾವಲು

ಅಚ್ಚಿನ ಚರಿತ್ರೆಯನ್ನು ಬೇಗ ದಾಟಬಹುದು. 1817ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ, 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್‌ನ ‘ಮಂಗಳೂರ ಸಮಾಚಾರ’ ಪತ್ರಿಕೆ, ಕಲ್ಲಚ್ಚಿನಲ್ಲಿ. ಓದಿನ ಮಟ್ಟಿಗೆ ಇವುಗಳಿಗಿಂತ ದೊಡ್ಡದು ಅಚ್ಚಿನೊಡನೆ ರೂಢಿಯಾದ ಖಾಲಿ ಜಾಗ. ಪದಗಳ ನಡುವೆ ಜಾಗ, ಪಾದಕ್ಕೊಂದು ಸಾಲು, ಅಲ್ಪವಿರಾಮ, ಪೂರ್ಣವಿರಾಮ, ಪ್ಯಾರಾ. ಛಂದಸ್ಸು ಮಾಡುತ್ತಿದ್ದ ಕೆಲಸವನ್ನು ಅಚ್ಚಿನ ಮೊಳೆ ಜೋಡಿಸುವವನು ಮೊದಲೇ ಮಾಡಿಟ್ಟ. ಬಾಯಿ ತೆರೆಯದೆ ಓದುವುದು ಸಲೀಸಾಯಿತು, ಗದ್ಯ ಓದುವುದು ಇನ್ನೂ ಸಲೀಸಾಯಿತು. ಯುರೋಪಿನಲ್ಲೂ ಐರ್ಲೆಂಡಿನ ಸನ್ಯಾಸಿಗಳು ಲ್ಯಾಟಿನ್ ಪದಗಳನ್ನು ಬಿಡಿಸಿ ಬರೆಯತೊಡಗಿದ ಮೇಲೆ ಮೌನದ ಓದು ಹಬ್ಬಿತೆಂದು ಹೇಳುತ್ತಾರೆ.

ಮೌನವಾಗಿ ಓದುವವರು ಏನು ಓದುತ್ತಿದ್ದಾರೆಂಬುದು ಪಕ್ಕದವರಿಗೆ ತಿಳಿಯುವುದಿಲ್ಲ. ಜಗಲಿಯ ಮೇಲಿನ ಜೈಮಿನಿ ಭಾರತ ಮನೆಮಂದಿಗೆಲ್ಲ ಕೇಳುತ್ತಿತ್ತು. ಕೋಣೆಯೊಳಗಿನ ಕಾದಂಬರಿ ಯಾರಿಗೂ ಕೇಳದು. ಓದಿನ ಬಗ್ಗೆ ಗುಮಾನಿ ಹುಟ್ಟಿದ್ದು ಹೆಚ್ಚಾಗಿ ಇಲ್ಲಿಂದ, ಅದರಲ್ಲೂ ಓದುವವಳು ಹೆಂಗಸಾದರೆ. ‘ಓದಿ ಓದಿ ಮರುಳಾದ ಕೂಚಂಭಟ್ಟ’ ಎಂಬ ಗಾದೆಯಲ್ಲಿ ಗಂಡಸಿನ ಓದಿಗೆ ಬರೀ ನಗೆ. ಹೆಂಗಸಿನ ಓದಿಗೆ ಶಾಪವೇ ಇತ್ತು: ಓದು ಕಲಿತವಳು ಗಂಡನನ್ನು ಕಳೆದುಕೊಳ್ಳುತ್ತಾಳೆ ಎಂಬ ನಂಬಿಕೆ 19ನೇ ಶತಮಾನದ ಬಂಗಾಳದಲ್ಲಿ ಗಟ್ಟಿಯಾಗಿತ್ತು. ಅಲ್ಲಿನ ರಾಸಸುಂದರಿ ದೇವಿ ಚೈತನ್ಯ ಭಾಗವತದ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು ಅಕ್ಷರ ಕಲಿತದ್ದನ್ನು ತಾನೇ ಬರೆದಿಟ್ಟಿದ್ದಾಳೆ.

ಆ ಕಾಲದ ಕನ್ನಡ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ. 1899ರ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿಯ ಇನ್ನೊಂದು ಹೆಸರು ‘ಸದ್ಧರ್ಮ ವಿಜಯವು’. ಗಳಗನಾಥರ ಪತ್ರಿಕೆ ‘ಸದ್ಬೋಧ ಚಂದ್ರಿಕೆ’. ನಂಜನಗೂಡು ತಿರುಮಲಾಂಬಾ 1913ರಲ್ಲಿ ಶುರುಮಾಡಿದ ಗ್ರಂಥಮಾಲೆ ‘ಸತಿಹಿತೈಷಿಣಿ’, ಆಮೇಲೆ ನಡೆಸಿದ ಪತ್ರಿಕೆಗಳಲ್ಲೊಂದು ‘ಸನ್ಮಾರ್ಗದರ್ಶಿನಿ’. ಎಲ್ಲೆಲ್ಲೂ ಸತ್, ಅಂದರೆ ಒಳ್ಳೆಯದು! ಹೊಸ ಓದು ಮನೆಯೊಳಕ್ಕೆ ಹೋಗಬೇಕಾದರೆ ಬಾಗಿಲಲ್ಲೇ ನಡತೆಯ ಚೀಟಿ ತೋರಿಸಬೇಕಿತ್ತು. ಬಾಲವಿಧವೆಯಾಗಿದ್ದ ತಿರುಮಲಾಂಬಾ ತಾವೇ ಬರೆದು, ಅಚ್ಚುಹಾಕಿಸಿ, ಹೆಂಗಸರಿಗೆ ತಲುಪಿಸಿದ್ದು ಆ ಚೀಟಿಯ ಮರೆಯಲ್ಲಿ. ‘ಕಾದಂಬರಿ’ ಎಂಬ ಪದಕ್ಕೆ ಸಂಸ್ಕೃತದಲ್ಲಿ ಮದ್ಯ ಎಂಬ ಅರ್ಥವೂ ಇದೆ. ಬಾಣನ ನಾಯಕಿಯ ಹೆಸರು ಮರಾಠಿ, ಕನ್ನಡಗಳಲ್ಲಿ ಒಂದು ಪ್ರಕಾರಕ್ಕೇ ಅಂಟಿಕೊಂಡಾಗ ಆ ಅಮಲೂ ಜೊತೆಗೆ ಬಂತೇನೋ.

ಚೀಟಿಯ ಕಾಟ ಬೇಗ ಮುಗಿಯಲಿಲ್ಲ. 1950ರ ದಶಕದ ಆರಂಭದಲ್ಲಿ ಅ.ನ.ಕೃ. ಅವರ ಕಾದಂಬರಿಗಳ ಮೇಲೆ ಅಶ್ಲೀಲತೆಯ ಆರೋಪ ಬಂದಾಗ ಅವರು ಉತ್ತರಕ್ಕೆಂದು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆಯಬೇಕಾಯಿತು. ಇತ್ತ ಓದುವವರು ತಮ್ಮ ದಾರಿ ತಾವೇ ಮಾಡಿಕೊಂಡಿದ್ದರು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರ ಮನೆಗೇ ಪುಸ್ತಕ ಕಳಿಸುತ್ತಿತ್ತು. 1965ರಲ್ಲಿ ‘ಸುಧಾ’ ವಾರಪತ್ರಿಕೆ ಬಂದಮೇಲೆ ಧಾರಾವಾಹಿಯ ಕಾಲ. ವಾರವಾರದ ಪುಟಗಳನ್ನು ಪಿನ್ನು ಬಿಚ್ಚಿ ತೆಗೆದು, ಕ್ರಮವಾಗಿ ಜೋಡಿಸಿ, ದಬ್ಬಣದಿಂದ ತೂತು ಮಾಡಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿದರೆ ಮನೆಯಲ್ಲೇ ಒಂದು ಕಾದಂಬರಿ ತಯಾರು. ಕಂತು ಮುಗಿದ ಪುಟದ ಹಿಂದೆ ಅಡುಗೆಯ ಅಂಕಣವೋ ಜಾಹೀರಾತೋ ಇರುತ್ತಿತ್ತು, ಅದೂ ಜೊತೆಗೇ ಬೈಂಡ್ ಆಗುತ್ತಿತ್ತು. ಒಂದು ವಾರದ ಸಂಚಿಕೆ ಪಕ್ಕದ ಮನೆಗೆ ಹೋಗಿ ವಾಪಸು ಬರದಿದ್ದರೆ ಕಥೆಯಲ್ಲಿ ಅಷ್ಟು ಕಂತಿನ ಹಳ್ಳ. ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಠೇವಣಿ ಇಟ್ಟು, ದಿನದ ಬಾಡಿಗೆಗೆ ತಂದ ಪುಸ್ತಕ ಮನೆಯ ನಾಲ್ಕು ಕೈ ದಾಟಿ ಮರುದಿನ ಮರಳುತ್ತಿತ್ತು. 1965ರಲ್ಲೇ ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯೂ ಬಂತು. ಆಸ್ತಿತೆರಿಗೆ ಕಟ್ಟಿದ ರಸೀತಿ ತೆಗೆದು ನೋಡಿದರೆ ಅದರಲ್ಲಿ ಗ್ರಂಥಾಲಯ ಕರದ ಸಾಲೊಂದು ಸಿಗುತ್ತದೆ. ಲೈಬ್ರರಿಯ ಮೆಟ್ಟಿಲು ತುಳಿಯದವರೂ ಅದಕ್ಕೆ ದುಡ್ಡು ಕೊಟ್ಟಿರುತ್ತಾರೆ.

‘ಈಗ ಯಾರೂ ಓದುವುದಿಲ್ಲ’ ಎನ್ನುವವರ ಮನಸ್ಸಿನಲ್ಲಿರುವುದು ಈ ಓದು: ಗದ್ಯ, ಒಂಟಿತನ, ಮೌನ, ಮೊದಲ ಪುಟದಿಂದ ಕೊನೆಯ ಪುಟ. ಅದಕ್ಕೆ ಕನ್ನಡದಲ್ಲಿ ಹೆಚ್ಚೆಂದರೆ ನೂರೈವತ್ತು ವರ್ಷದ ಆಯಸ್ಸು, ಜನಸಾಮಾನ್ಯರ ಮನೆಗಳಲ್ಲಿ ಅದರ ಅರ್ಧದಷ್ಟು. ಅತ್ತ ಕಿವಿಯ ಓದು ಬೇರೆ ದಾರಿಯಿಂದ ಮರಳುತ್ತಿದೆ. ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾದಂಬರಿ ಕೇಳುವವರಿದ್ದಾರೆ, ಕಣ್ಣು ಕಾಣದವರಿಗೆ ಫೋನು ಪುಟಗಟ್ಟಲೆ ಓದಿ ಹೇಳುತ್ತದೆ. ಗದ್ಯವನ್ನು ಅದು ಮಟ್ಟಸವಾಗಿಯೇ ಓದುತ್ತದೆ. ಕುಮಾರವ್ಯಾಸನ ಆ ಪದ್ಯವನ್ನು ಈಗಿನ ಅಚ್ಚಿನಲ್ಲಿರುವಂತೆ ಪಾದಕ್ಕೊಂದು ಸಾಲಾಗಿ ಅಂಟಿಸಿ ಓದಿಸಿ ನೋಡಿ. ‘ಹಲಗೆ ಬಳಪವ ಪಿಡಿಯದೊಂದ’ ಎಂದು ಸಾಲಿನ ಕೊನೆಗೆ ನಿಲ್ಲುತ್ತದೆ. ಉಸಿರು ಎಳೆದುಕೊಂಡಂತೆ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ‘ಗ್ಗಳಿಕೆ’ ಎನ್ನುತ್ತದೆ.